ಹಿತ್ತಲಿಗೆ ಬಾದಾಮಿ ಗಿಡ: ನಮ್ಮ ರಾಯಚೂರಿನಲ್ಲಿ ಯಾವುದು ಬರುತ್ತದೆ?

ರಾಯಚೂರು ಹಿತ್ತಲು

ಎಲ್ಲರಿಗೂ ನಮಸ್ಕಾರ. ಹೋದ ಕಾರ್ತಿಕದಲ್ಲಿ ಊರ ಹೊರಗಿನ ಹೊಸ ಮನೆಗೆ ಬಂದೆವು. 40-60ರ ಸೈಟು. ಮನೆ ಹಿಂದೆ 15 ಅಡಿ ಜಾಗ ಇದೆ. ಮುಂದೆ ಗೇಟಿನಾಚೆ ರಸ್ತೆ ಅಂಚಿಗೆ ಇನ್ನೊಂದಿಷ್ಟು ಖಾಲಿ ಜಾಗ. ಎರೆ ಮಣ್ಣು. ಬೋರಿನ ನೀರು ಸ್ವಲ್ಪ ಉಪ್ಪು. ನಮ್ಮ ಅತ್ತೆಯವರಿಗೆ ಕೂರಲು ನೆರಳು ಬೇಕು. ಮಗನಿಗೆ ದಿನಾ ಬೆಳಿಗ್ಗೆ ನೆನೆಸಿದ ಬಾದಾಮಿ ಬೇಕು. ಒಂದೇ ಮರದಲ್ಲಿ ಎರಡೂ ಆಗುತ್ತದಲ್ಲ ಎಂದು ಸಸಿ ಹುಡುಕಲು ಹೊರಟೆ.

ಮೊದಲನೇ ನರ್ಸರಿಯಲ್ಲಿ ಬಾದಾಮಿ ಕೊಡಿ ಅಂದರೆ ಮಾವಿನ ಕಸಿ ಗಿಡ ತಂದು ಮುಂದಿಟ್ಟರು. ಎರಡನೇ ಕಡೆ ಮುತ್ತುಗದೆಲೆಯಷ್ಟು ಅಗಲದ ಎಲೆಯ ಸಸಿ, 80 ರೂಪಾಯಿ. ಮೂರನೇ ಕಡೆ ಚಿಕ್ಕ ಚಿಕ್ಕ ಎಲೆಯ, ಕೊಡೆ ಮೇಲೆ ಕೊಡೆ ಇಟ್ಟಂಥ ಗಿಡ. ಮೊಬೈಲಿನಲ್ಲಿ ನೋಡಿದರೆ 'ಒಂದೇ ವರ್ಷಕ್ಕೆ ಕಾಯಿ ಬಿಡುವ ಗಿಡ್ಡ ಬಾದಾಮಿ', 650 ರೂಪಾಯಿ. ನಾಲ್ಕು ಕಡೆಯೂ ಇದೇ ಬಾದಾಮಿ ಅಂತಾರೆ. ನಾವು ಅಂಗಡಿಯಲ್ಲಿ ತರುವ ಬಾದಾಮಿ ಇದರಲ್ಲಿ ಯಾವುದು? ನಮ್ಮ ಬಿಸಿಲಿಗೆ ಅದು ತಡೆಯುತ್ತದಾ? ಬೆಳೆಸಿದವರು ದಯವಿಟ್ಟು ಹೇಳಿ. ಈ ಮುಂಗಾರಿಗೆ ನೆಡಬೇಕು ಅಂತಿದ್ದೇನೆ.

ಸಿಂಧನೂರು ಕಾಲುವೆ ದಂಡೆ

ಅಕ್ಕಾ, ನಿಮಗೆ ಯಾರೂ ಸುಳ್ಳು ಹೇಳಿಲ್ಲ. ನಮ್ಮ ಕಡೆ ಇವೆಲ್ಲಕ್ಕೂ ಬಾದಾಮಿ ಅಂತಲೇ ಹೆಸರು. ಅದೇ ತೊಡಕು.

ಮಾವಿನ ಕಸಿ ಕೊಟ್ಟರಲ್ಲ, ಅದು ಬಾದಾಮಿ ಮಾವು. ಬೇರೆ ಕಡೆಯವರು ಆಪೂಸ್ ಅನ್ನುವುದನ್ನು ನಾವು ಬಾದಾಮಿ ಅನ್ನುತ್ತೇವೆ. ಅಗಲ ಎಲೆಯದು ನಾಡ ಬಾದಾಮಿ. ಕಾಡು ಬಾದಾಮಿ ಅಂತಲೂ ಕರೆಯುತ್ತಾರೆ. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳ ಮುಂದೆ ನಿಂತಿರುತ್ತದಲ್ಲ, ಎಲೆ ಉದುರುವ ಮೊದಲು ಕೆಂಪಾಗುತ್ತದೆ, ಅದೇ ಮರ. ಮತ್ತಿ, ತಾರೆ, ಅಳಲೆ ಮರಗಳ ಬಳಗದ್ದು. ಅಂಗಡಿ ಬಾದಾಮಿಗೂ ಅದಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಆದರೆ ಅದರ ಓಟೆಯೊಳಗೂ ತಿನ್ನುವ ತಿರುಳಿದೆ, ರುಚಿ ಬಾದಾಮಿಯನ್ನೇ ಹೋಲುತ್ತದೆ.

ಚಿಕ್ಕ ಎಲೆಯ ಕೊಡೆ ಗಿಡ ಅದರದೇ ತಮ್ಮ, ಮಡಗಾಸ್ಕರ್ ದ್ವೀಪದಿಂದ ಬಂದದ್ದು. ಹೊಸ ಬಡಾವಣೆಗಳಲ್ಲಿ ಈಗ ಸಾಲಾಗಿ ಅದನ್ನೇ ನೆಡುತ್ತಾರೆ. ಅದು ನೆರಳಿಗೆ ಮತ್ತು ಅಂದಕ್ಕೆ ಮಾತ್ರ.

ಅಂಗಡಿ ಬಾದಾಮಿಯ ಮರ ಬೇರೆಯೇ. ಪೀಚ್, ಪ್ಲಮ್, ಜರ್ದಾಳು ಹಣ್ಣುಗಳ ಕುಲ, ಗುಲಾಬಿಯ ಕುಟುಂಬ. ಎಲೆ ಉದ್ದ, ಕಿರಿದು, ಅಂಚಿಗೆ ಸಣ್ಣ ಗರಗಸದ ಹಲ್ಲು. ನರ್ಸರಿಯಲ್ಲಿ ಎಲೆ ನೋಡಿದರೆ ಸಾಕು, ಯಾವುದೆಂದು ಗೊತ್ತಾಗುತ್ತದೆ.

ಬಳ್ಳಾರಿ ತಾರಸಿ ತೋಟ

ಆ 650 ರೂಪಾಯಿಯ ಗಿಡ ನಾನು ತರಿಸಿದ್ದೆ, ಅಕ್ಕಾ. ಬೇಡ. ಡಬ್ಬಿಯಲ್ಲಿ ಬಂದದ್ದು ಒಂದು ಗೇಣಿನ ನಾಡ ಬಾದಾಮಿ ಸಸಿ. ಅದೇ ಸಸಿ ನಮ್ಮೂರಲ್ಲಿ 60 ರೂಪಾಯಿಗೆ ಸಿಗುತ್ತದೆ. ಕೇಳೋಣ ಎಂದು ಬರೆದರೆ ಉತ್ತರವೇ ಇಲ್ಲ. ದುಡ್ಡಿಗಿಂತ ನಾಲ್ಕು ತಿಂಗಳು ಕಾದದ್ದು ಜಾಸ್ತಿ ನೋವಾಯಿತು.

ನಿವೃತ್ತ ಯೋಧ, ಕುಷ್ಟಗಿ

ತಂಗೀ, ನಾನು ನಿಜವಾದ ಬಾದಾಮಿ ಮರವನ್ನು ಕುಷ್ಟಗಿಯಲ್ಲಿ ಬೆಳೆಸಿ ನೋಡಿದವನು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಸೇನೆಯಲ್ಲಿದ್ದಾಗ ಮೂರು ವರ್ಷ ಕಾಶ್ಮೀರದಲ್ಲಿದ್ದೆ. ಅಲ್ಲಿ ಪುಲ್ವಾಮಾ ಕಡೆ ಕರೇವಾ ಅನ್ನುವ ಎತ್ತರದ ದಿಬ್ಬಗಳಿವೆ, ಅವುಗಳ ಮೇಲೆ ಬಾದಾಮಿ ತೋಟಗಳು. ಶ್ರೀನಗರದಲ್ಲಿ ಹರಿ ಪರ್ಬತ್ ಕೋಟೆಯ ಬುಡದಲ್ಲಿ ಬಾದಾಮ್‌ವಾರಿ ಎಂಬ ತೋಟವೇ ಇದೆ. ಚಳಿಗಾಲವಿಡೀ ಆ ಮರಗಳು ಒಣ ಕಟ್ಟಿಗೆಯಂತೆ ನಿಂತಿರುತ್ತವೆ. ಹಿಮ ಬೀಳುತ್ತದೆ, ಕರಗುತ್ತದೆ. ಮಾರ್ಚ್ ಬಂತೆಂದರೆ ಒಂದು ಎಲೆಯೂ ಚಿಗುರುವ ಮೊದಲೇ ಬರಿ ಕೊಂಬೆಗಳ ತುಂಬ ಬಿಳಿ, ತಿಳಿಗುಲಾಬಿ ಹೂ. ಮೊದಲ ಸಲ ನೋಡಿದಾಗ ಕಾವಲಿನಲ್ಲಿ ನಿಂತಿದ್ದೆ. ಇದನ್ನು ಮನೆಯವರಿಗೆ ತೋರಿಸಬೇಕು ಅಂತ ಅವತ್ತೇ ಅನಿಸಿತು.

ರಜೆಗೆ ಬರುವಾಗ ಎರಡು ಬೇರೆ ಬೇರೆ ತಳಿಯ ಕಸಿ ಗಿಡ ತಂದೆ. ಹೆಚ್ಚಿನ ಬಾದಾಮಿ ತಳಿಗಳಲ್ಲಿ ತನ್ನ ಹೂವಿನ ಪರಾಗದಿಂದ ತನಗೇ ಕಾಯಿ ಕಟ್ಟುವುದಿಲ್ಲ. ಒಟ್ಟಿಗೆ ಹೂ ಬಿಡುವ ಇನ್ನೊಂದು ತಳಿ ಹತ್ತಿರ ಇರಬೇಕು, ಜೇನು ಓಡಾಡಬೇಕು. ಅಲ್ಲಿನ ತೋಟದವರೇ ಹಾಗೆ ಹೇಳಿ ಜೋಡಿ ಕೊಟ್ಟಿದ್ದರು.

ನಮ್ಮ ಹೊಲದ ಮನೆ ಹತ್ತಿರ ಮಸಾರಿ ಭೂಮಿಯಲ್ಲಿ ನೆಟ್ಟೆ. ಒಂದು ಎರಡನೇ ವರ್ಷ ಹೋಯಿತು. ಮಳೆಗಾಲದಲ್ಲಿ ಬುಡಕ್ಕೆ ನೀರು ನಿಂತು ಬೇರು ಕೊಳೆಯಿತು. ಇನ್ನೊಂದು ಚೆನ್ನಾಗಿಯೇ ಬೆಳೆಯಿತು, ಆಳೆತ್ತರ ದಾಟಿತು. ನಮ್ಮ ಮೇ ತಿಂಗಳ ಬಿಸಿಲಿಗೆ ಅದು ಹೆದರಲಿಲ್ಲ. ಆದರೆ ಚಳಿಗಾಲದಲ್ಲಿ ಅದಕ್ಕೆ ಮಲಗುವುದೇ ಆಗಲಿಲ್ಲ. ಅರ್ಧ ಎಲೆ ಉದುರಿಸಿ, ಅರ್ಧ ಹಾಗೇ ಇಟ್ಟುಕೊಂಡು, ಒಂದು ಕೊಂಬೆ ಚಿಗುರಿದರೆ ಇನ್ನೊಂದು ಕೊಂಬೆ ಬರಡು. ಐದನೇ ವರ್ಷ ಫೆಬ್ರವರಿಯಲ್ಲಿ ನಾಲ್ಕು ಹೂ ಬಿಟ್ಟಿತು. ನಾಲ್ಕೇ. ಅವ್ವ ಇನ್ನೂ ಇದ್ದರು. ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ಕಾಯಿ ಕಟ್ಟಲಿಲ್ಲ. ಮುಂದಿನ ವರ್ಷ ಗೆದ್ದಲು ಹತ್ತಿ ಮರವೂ ಹೋಯಿತು.

ಹೂವಿಗೆಂದು ನೆಡುವುದಾದರೆ ನೆಡು. ಮಗನ ಬಾದಾಮಿಗೆಂದು ನೆಡಬೇಡ.

ರಾಯಚೂರು ಹಿತ್ತಲು

ಅಣ್ಣಾ, ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅವ್ವನವರಿಗೆ ಆ ಹೂ ತೋರಿಸಿದಿರಲ್ಲ, ಅದು ದೊಡ್ಡದು.

ಒಂದು ವಿಷಯ ಹೇಳಲಿಲ್ಲ. ನನ್ನ ಮಗ ನೆನೆಸಿದ ಬಾದಾಮಿ ಆರು ಕಾಳು ಒದ್ದೆ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಟ್ಟಿದ್ದ. ತಿಂಗಳಾದ ಮೇಲೆ ಎರಡು ಮೊಳಕೆ ಬಂದಿವೆ! ಅದನ್ನು ನೋಡಿ ಅವನ ಆಸೆ ಜಾಸ್ತಿಯಾಗಿದೆ. ಫ್ರಿಜ್ಜಿನ ಚಳಿಯಲ್ಲಿ ಮೊಳಕೆ ಬಂತಲ್ಲ, ಹಾಗೇ ಗಿಡದ ಬುಡಕ್ಕೆ ಐಸ್ ಹಾಕಿದರೆ ಹೂ ಬರುವುದಿಲ್ಲವಾ ಅಂತ ಕೇಳುತ್ತಿದ್ದಾನೆ. ಏನು ಹೇಳಲಿ?

ತೋಟಗಾರಿಕೆ ವಿದ್ಯಾರ್ಥಿ, ಮುನಿರಾಬಾದ್

ಮೇಡಂ, ಒಳ್ಳೆಯ ಪ್ರಶ್ನೆ ಕೇಳಿದ್ದಾನೆ. ಅವನಿಗೆ ಹೀಗೆ ಹೇಳಿ.

ಬೀಜಕ್ಕೆ ಬೇಕಾದ ಚಳಿ ಬೇರೆ, ಮರಕ್ಕೆ ಬೇಕಾದ ಚಳಿ ಬೇರೆ. ಬಾದಾಮಿ ಬೀಜ ಕೆಲವು ವಾರ ಒದ್ದೆಯಲ್ಲಿ, 4 ಡಿಗ್ರಿ ಆಸುಪಾಸಿನ ತಂಪಿನಲ್ಲಿ ಇದ್ದರೆ ಚಳಿಗಾಲ ಮುಗಿಯಿತೆಂದು ಮೊಳೆಯುತ್ತದೆ. ಅದನ್ನು ಫ್ರಿಜ್ ಕೊಡಬಲ್ಲದು. ಮರದ ಲೆಕ್ಕ ದೊಡ್ಡದು. ಬರುವ ವರ್ಷದ ಹೂಮೊಗ್ಗುಗಳು ಹಿಂದಿನ ಬೇಸಿಗೆಯಲ್ಲೇ ಕೊಂಬೆಯಲ್ಲಿ ರೂಪುಗೊಂಡು ಚಳಿಗಾಲಕ್ಕೆ ಮಲಗುತ್ತವೆ. ಅವು ಏಳಬೇಕಾದರೆ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿಯನ್ನು ಇಷ್ಟು ಗಂಟೆ ಅಂತ ಉಣ್ಣಬೇಕು. ಹೆಚ್ಚಿನ ತಳಿಗಳಿಗೆ 300ರಿಂದ 500 ಗಂಟೆ. ಕ್ಯಾಲಿಫೋರ್ನಿಯಾದ ಹೆಸರಾಂತ ನಾನ್‌ಪರೇಲ್ ತಳಿಗೆ ಸುಮಾರು 400. ಕಡಿಮೆ ಚಳಿ ಸಾಕು ಎನ್ನುವ ಗಾರ್ಡನ್ ಪ್ರಿನ್ಸ್ ಎಂಬ ಗಿಡ್ಡ ತಳಿಗೂ 250ರ ಆಸುಪಾಸು ಬೇಕು. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿಯಲ್ಲಿ ಮಾಗಿಯ ರಾತ್ರಿಗಳೂ ಸಾಮಾನ್ಯವಾಗಿ 12-16 ಡಿಗ್ರಿ. ಲೆಕ್ಕ ಶುರುವೇ ಆಗುವುದಿಲ್ಲ. ಐಸ್ ಬುಡಕ್ಕೆ ಹಾಕಿದರೆ ಬೇರು ತಣ್ಣಗಾಗುತ್ತದೆ. ಚಳಿ ತಾಗಬೇಕಾದದ್ದು ಕೊಂಬೆಯ ಮೊಗ್ಗಿಗೆ.

ಯೋಧ ಅಣ್ಣ ಹೇಳಿದ್ದು ಪೂರ್ತಿ ಸರಿ. ಬಿಸಿಲು ಅಡ್ಡಿಯಲ್ಲ. ಜಗತ್ತಿನ ಸುಮಾರು ನಾಲ್ಕರಲ್ಲಿ ಮೂರು ಪಾಲು ಬಾದಾಮಿ ಬೆಳೆಯುವ ಕ್ಯಾಲಿಫೋರ್ನಿಯಾ ಕಣಿವೆಯಲ್ಲೂ ಬೇಸಿಗೆ 40 ಡಿಗ್ರಿ ಮುಟ್ಟುತ್ತದೆ. ಆದರೆ ಅಲ್ಲಿ ಚಳಿಗಾಲ ನಿಜವಾದ ಚಳಿಗಾಲ, ಕಾಯಿ ಮಾಗುವಾಗ ಮಳೆ ಇಲ್ಲ. ನಮ್ಮಲ್ಲಿ ಚಳಿಯೂ ಇಲ್ಲ, ಕಾಯಿ ಒಣಗಬೇಕಾದ ಸೆಪ್ಟೆಂಬರಿನಲ್ಲೇ ಮಳೆ ಜೋರು.

ಇನ್ನೊಂದು ಮಾತು, ಇದು ಮುಖ್ಯ. ಬೀಜದಿಂದ ಬಂದ ಗಿಡ ತಾಯಿಯ ಹಾಗೇ ಇರಬೇಕೆಂದಿಲ್ಲ. ಕೆಲವು ಕಹಿ ಬಾದಾಮಿ ಆಗುತ್ತವೆ. ಕಹಿ ಬಾದಾಮಿಯಲ್ಲಿ ಅಮಿಗ್ಡಲಿನ್ ಜಾಸ್ತಿ. ಜಗಿದಾಗ ಅದರಿಂದ ಸಯನೈಡ್ ಬಿಡುಗಡೆಯಾಗುತ್ತದೆ. ಎಲ್ಲಿಯಾದರೂ ಕಹಿ ಕಾಳು ಸಿಕ್ಕರೆ ಉಗಿದುಬಿಡಿ, ಮಕ್ಕಳಿಗಂತೂ ಕೊಡಲೇಬೇಡಿ.

ಎರಡು ಮೊಳಕೆಯನ್ನು ಮಾತ್ರ ಬಿಸಾಡಬೇಡಿ. ತಳದಲ್ಲಿ ತೂತಿರುವ, ಒಂದೂವರೆ ಅಡಿ ಆಳದ ಕುಂಡ ತಗೊಳ್ಳಿ. ಮರಳು ಜಾಸ್ತಿ ಇರುವ ಮಣ್ಣು ಹಾಕಿ, ಬೇರು ಕೆಳಗೆ ಮಾಡಿ ಒಂದು ಇಂಚು ಆಳಕ್ಕೆ ಇಡಿ. ಎಲೆ ಗಿಡವಾಗಿ ಚೆನ್ನಾಗಿ ಬರುತ್ತದೆ. ಉಪ್ಪು ನೀರು ಬೇಡ, ಎಲೆ ತುದಿ ಸುಡುತ್ತದೆ. ಕುಡಿಯುವ ನೀರೋ ಮಳೆ ನೀರೋ ಹಾಕಲಿ.

ಕನ್ನಡ ಮೇಷ್ಟ್ರು, ಸಂಡೂರು

ಹಾಗಾದರೆ ನಾನು ನಾಡ ಬಾದಾಮಿಯ ಪರ ಮಾತಾಡುತ್ತೇನೆ. ನಿಮ್ಮ ಅತ್ತೆಯವರು ಕೇಳಿದ್ದು ನೆರಳು ಅಲ್ವಾ? ಅದನ್ನು ಯಾರೂ ನೆನಪಿಟ್ಟ ಹಾಗಿಲ್ಲ.

ನಾನು ಕೆಲಸ ಮಾಡಿದ ಮೂರು ಶಾಲೆಗಳ ಅಂಗಳದಲ್ಲೂ ಈ ಮರ ಇತ್ತು. ಕೊಂಬೆಗಳು ಕಾಂಡದ ಸುತ್ತ ಚಕ್ರದ ಹಾಗೆ ಅಡ್ಡಕ್ಕೆ ಚಾಚುತ್ತವೆ. ಸ್ವಲ್ಪ ಮೇಲೆ ಇನ್ನೊಂದು ಚಕ್ರ. ಅದಕ್ಕೇ ನೆರಳು ಅಂತಸ್ತು ಅಂತಸ್ತಾಗಿ ದಟ್ಟವಾಗಿ ಬೀಳುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಮಕ್ಕಳು ಉದುರಿದ ಕಾಯಿ ಆರಿಸಿ ಮೊದಲು ಮೇಲಿನ ಹುಳಿಸಿಹಿ ಸಿಪ್ಪೆ ಕಡಿದು ತಿನ್ನುತ್ತಿದ್ದರು. ಆಮೇಲೆ ಓಟೆಯನ್ನು ಕಲ್ಲಿನ ಮೇಲೆ ನಿಲ್ಲಿಸಿ ಇನ್ನೊಂದು ಕಲ್ಲಿನಿಂದ ಅಂಚಿಗೆ ಒಂದೇ ಏಟು. ನಡುವಿಗೆ ಹೊಡೆದರೆ ತಿರುಳು ಜಜ್ಜಿಹೋಗುತ್ತದೆ. ಸಿಗುವುದು ಕಿರುಬೆರಳಿನ ಅರ್ಧದಷ್ಟು, ಬೆಳ್ಳಗೆ, ಸುರುಳಿ ಸುತ್ತಿದ ತಿರುಳು. ಮನೆಯಲ್ಲಾದರೆ ಓಟೆಗಳನ್ನು ನಾಲ್ಕೈದು ದಿನ ಬಿಸಿಲಿಗೆ ಒಣಗಿಸಿ ಒಡೆಯಿರಿ, ಸುಲಭವಾಗಿ ಬಿಡುತ್ತದೆ. ಒಂದು ಮುಷ್ಟಿ ತಿರುಳಿಗೆ ಒಂದು ಗಂಟೆ ಕೂರಬೇಕು. ಆದರೆ ಮಗ ತಾನೇ ಒಡೆದು ತಿಂದದ್ದನ್ನು ಮರೆಯುವುದಿಲ್ಲ.

ಇದು ಮೂಲತಃ ಕಡಲ ದಂಡೆಯ ಮರ. ಕಾಯಿ ನೀರಲ್ಲಿ ತೇಲುತ್ತದೆ, ಅಲೆಗಳ ಮೇಲೇ ದೂರ ದೂರಕ್ಕೆ ಹರಡಿದೆ. ಹಾಗಾಗಿ ನಿಮ್ಮ ಬೋರಿನ ಉಪ್ಪು ನೀರಿಗೂ, ಗಾಳಿಗೂ ತಡೆಯುತ್ತದೆ. ಸಸಿ ಕೊಳ್ಳಬೇಕೆಂದೂ ಇಲ್ಲ. ರುಚಿಯಾದ ಕಾಯಿ ಬಿಡುವ ಮರದಿಂದ ಹೊಸದಾಗಿ ಉದುರಿದ ಹತ್ತು ಕಾಯಿ ತಂದು ಮರಳು ಮಣ್ಣಿನಲ್ಲಿ ಅಡ್ಡ ಹೂತರೆ ಒಂದೆರಡು ತಿಂಗಳಲ್ಲಿ ಮೊಳೆಯುತ್ತವೆ. ಮರದಿಂದ ಮರಕ್ಕೆ ಕಾಯಿಯ ಗಾತ್ರ, ರುಚಿ ಬೇರೆ. ಆರಿಸುವುದಿದ್ದರೆ ಇಲ್ಲಿ ಆರಿಸಿ.

ಗಂಗಾವತಿ ಗೃಹಿಣಿ

ಮೇಷ್ಟ್ರೇ, ಶಾಲೆ ಅಂಗಳ ಬೇರೆ, ಮನೆ ಬೇರೆ. ನಮ್ಮ ಮಾವನವರು ಗೋಡೆಯಿಂದ ಐದಡಿಗೆ ಈ ಮರ ನೆಟ್ಟಿದ್ದರು. ಎಲೆ ಒಂದೊಂದೂ ಊಟದ ತಟ್ಟೆಯಷ್ಟು. ಉದುರಲು ಶುರುವಾದರೆ ದಿನಕ್ಕೆರಡು ಬುಟ್ಟಿ, ಅದೂ ವರ್ಷಕ್ಕೆ ಎರಡು ಸಲ. ತಾರಸಿಯ ನೀರಿನ ಪೈಪು ಕಟ್ಟಿಕೊಂಡು ಮಳೆಗಾಲದಲ್ಲಿ ಗೋಡೆ ಒದ್ದೆಯಾಯಿತು. ರಾತ್ರಿ ಬಾವಲಿ ಬಂದು ಅರ್ಧ ತಿಂದ ಕಾಯಿ ಅಂಗಳಕ್ಕೆಲ್ಲ ಎಸೆಯುತ್ತವೆ. ಮಳೆ ಬಿದ್ದ ಮೇಲೆ ಕಂಬಳಿ ಹುಳು. ಚಿಕ್ಕ ಮಕ್ಕಳ ಮೈಗೆ ತಾಗಿ ದದ್ದು ಎದ್ದಿತ್ತು. ಕೊನೆಗೆ ಬೇರು ಅಂಗಳದ ಬಂಡೆಗಳನ್ನು ಎತ್ತಿತು. ಕಡಿಸುವಾಗ ಮಾವನವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಂಥ ದಿನ ನಿಮಗೆ ಬರುವುದು ಬೇಡ. ಹಿಂದಿನ 15 ಅಡಿಯಲ್ಲಿ ದಯವಿಟ್ಟು ನೆಡಬೇಡಿ.

ಕನ್ನಡ ಮೇಷ್ಟ್ರು, ಸಂಡೂರು

ಒಪ್ಪುತ್ತೇನೆ ತಾಯಿ. ತಪ್ಪು ಮರದ್ದಲ್ಲ, ಐದಡಿಯದ್ದು. ಗೋಡೆಯಿಂದ, ನೀರಿನ ತೊಟ್ಟಿಯಿಂದ ಕನಿಷ್ಠ 20 ಅಡಿ ಬೇಕು. ಮೇಲೆ ಕರೆಂಟ್ ತಂತಿ ಇರಬಾರದು, ಇದ್ದರೆ ಪ್ರತಿ ವರ್ಷ ತಲೆ ಕಡಿಯುತ್ತಾರೆ. ರಾಯಚೂರಿನ ತಂಗಿಯವರು ಗೇಟಿನಾಚೆಯ ಜಾಗ ಅಳೆದು ನೋಡಲಿ.

ಮಾನ್ವಿ ಮೀನು ತೊಟ್ಟಿ

ಒಣಗಿದ ಎಲೆ ಸುಡಬೇಡಿ. ಫೈಟರ್ ಮೀನು ಸಾಕುವವರು ಈ ಎಲೆಯನ್ನು ದುಡ್ಡು ಕೊಟ್ಟು ತರಿಸುತ್ತಾರೆ. ತೊಳೆದು ತೊಟ್ಟಿಗೆ ಒಂದು ಹಾಕಿದರೆ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ, ಮೀನಿಗೆ ಅದು ಹಿತ. ಉಳಿದದ್ದನ್ನು ಚೂರು ಮಾಡಿ ಗೊಬ್ಬರದ ಗುಂಡಿಗೆ ಹಾಕಿ. ಇಡೀ ಎಲೆ ಬೇಗ ಕೊಳೆಯುವುದಿಲ್ಲ.

ಬಳ್ಳಾರಿ ತಾರಸಿ ತೋಟ

ಅಕ್ಕಾ, ಹಿಂದಿನ 15 ಅಡಿಗೆ ನಾನೊಂದು ಹೇಳಲಾ? ಅಂಜೂರ ಹಾಕಿ. ಮಗನಿಗೆ ಹಿತ್ತಲಿನಿಂದಲೇ ಏನಾದರೂ ಪೌಷ್ಟಿಕವಾದದ್ದು ಸಿಗಬೇಕು ಅನ್ನುವುದು ನಿಮ್ಮ ಆಸೆ. ಅದಕ್ಕೆ ನಮ್ಮ ಮಣ್ಣು ಕೊಡುವ ಉತ್ತರ ಅಂಜೂರ. ಬಳ್ಳಾರಿ ಹೆಸರಿನದೇ ಒಂದು ತಳಿ ಇದೆ. ನಮ್ಮ ಮೂರು ಜಿಲ್ಲೆಯ ಒಣ ಹವೆ, ಸುಣ್ಣದ ಅಂಶದ ಮಣ್ಣು, ಸ್ವಲ್ಪ ಉಪ್ಪು ನೀರು ಎಲ್ಲಕ್ಕೂ ಹೊಂದಿಕೊಳ್ಳುತ್ತದೆ. ಜೋಡಿ ಗಿಡ ಬೇಡ, ಒಂದೇ ಸಾಕು.

ಬಲಿತ ಕೊಂಬೆಯ ಒಂದು ಗೇಣು ತುಂಡು ನೆಟ್ಟರೆ ಬೇರು ಬಿಡುತ್ತದೆ. ಎರಡನೇ ವರ್ಷಕ್ಕೆ ನಾಲ್ಕು ಹಣ್ಣು ನೋಡಬಹುದು. ಮಳೆಗಾಲದ ಹಣ್ಣು ಸಪ್ಪೆ. ಮಾರ್ಚ್, ಏಪ್ರಿಲ್ ಹಣ್ಣಿನ ರುಚಿಯೇ ಬೇರೆ, ಬಾಯಲ್ಲಿಟ್ಟರೆ ಜೇನು. ಅಂಗಡಿಯ ಒಣ ಅಂಜೂರದ ಹಾಗೆ ಒಣಗಿಸಲು ಈ ತಳಿ ಅಷ್ಟು ಹೊಂದುವುದಿಲ್ಲ, ತಾಜಾ ತಿನ್ನಿ. ಎಲೆಯ ಅಡಿಯಲ್ಲಿ ಕಂದು ಪುಡಿಯಂಥ ತುಕ್ಕು ರೋಗ ಬರುತ್ತದೆ, ಬಿದ್ದ ಎಲೆಗಳನ್ನು ಗುಡಿಸಿ ದೂರ ಹಾಕಿ. ಹಣ್ಣು ಮೆತ್ತಗಾಗುವಾಗ ಬಲೆ ಕಟ್ಟಿ, ಇಲ್ಲದಿದ್ದರೆ ಪಿಕಳಾರಗಳು ನಿಮಗಿಂತ ಮೊದಲು ಎದ್ದಿರುತ್ತವೆ. ಕೊಯ್ಯುವಾಗ ಬರುವ ಹಾಲು ಕೈಗೆ ತುರಿಕೆ ಕೊಡುತ್ತದೆ, ಮಗನಿಗೆ ಹೇಳಿರಿ.

ರಾಯಚೂರು ಹಿತ್ತಲು

ಅಳೆದೆ. ಗೇಟಿನಾಚೆಯ ಮೂಲೆ ಗೋಡೆಯಿಂದ 22 ಅಡಿ ಇದೆ, ಮೇಲೆ ತಂತಿ ಇಲ್ಲ. ಅಲ್ಲಿ ನಾಡ ಬಾದಾಮಿ. ಹಿಂದೆ ಅಂಜೂರ. ಗುಂಡಿ ಹೇಗೆ ತೆಗೆಯಲಿ? ಇಲ್ಲಿಯವರು ಎರೆ ಮಣ್ಣು ಪೂರ್ತಿ ತೆಗೆದು ಮಸಾರಿ ಮಣ್ಣು ತುಂಬು ಅಂತಾರೆ.

ಸಿಂಧನೂರು ಕಾಲುವೆ ದಂಡೆ

ಹಾಗೆ ಮಾಡಬೇಡಿ, ಅಕ್ಕಾ. ನಾನು ಮಾಡಿ ಎರಡು ಸಪೋಟ ಕಳೆದುಕೊಂಡಿದ್ದೇನೆ. ಸುತ್ತ ಎರೆ ಮಣ್ಣು, ನಡುವೆ ಸಡಿಲ ಕೆಂಪು ಮಣ್ಣು ಇದ್ದರೆ ಗುಂಡಿ ನೀರಿನ ತೊಟ್ಟಿಯಾಗುತ್ತದೆ. ಮಳೆ ನೀರೆಲ್ಲ ಅಲ್ಲಿಗೇ ಇಳಿದು ನಿಲ್ಲುತ್ತದೆ, ಹೊರಗೆ ಹೋಗಲು ದಾರಿ ಇಲ್ಲ. ಯೋಧ ಅಣ್ಣನ ಒಂದು ಬಾದಾಮಿ ಹೋದದ್ದೂ ನಿಂತ ನೀರಿಗೇ ಅಲ್ವಾ?

ಎರಡಡಿ ಗುಂಡಿ ತೆಗೆದು ವಾರ ಬಿಸಿಲಿಗೆ ಬಿಡಿ. ತೆಗೆದ ಮಣ್ಣಿಗೇ ಎರಡು ಬುಟ್ಟಿ ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಕಿಲೋ ಬೇವಿನ ಹಿಂಡಿ ಬೆರೆಸಿ ಮತ್ತೆ ತುಂಬಿ. ಹಿಂಡಿ ಗೆದ್ದಲಿಗೂ ಒಳ್ಳೆಯದು. ಗಿಡವನ್ನು ನೆಲಕ್ಕಿಂತ ಅರ್ಧ ಅಡಿ ಎತ್ತರದ ದಿಬ್ಬದ ಮೇಲೆ ನೆಡಿ. ಪಾತಿಯನ್ನು ಕಾಂಡಕ್ಕೆ ಒತ್ತಿ ಮಾಡದೆ ಒಂದಡಿ ದೂರ ಸುತ್ತ ಮಾಡಿ. ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಅದಕ್ಕೆ ಭತ್ತದ ಹುಲ್ಲು ಅಂಗೈ ದಪ್ಪಕ್ಕೆ ಹಾಸಿ. ಮೊದಲ ಎರಡು ಬೇಸಿಗೆ ಮಾತ್ರ ವಾರಕ್ಕೆರಡು ಸಲ ನೀರು ಕೊಡಿ.

ರಾಯಚೂರು ಹಿತ್ತಲು (ಮುಂದಿನ ವರ್ಷ, ಶ್ರಾವಣ)

ಕೇಳಿ ಸುಮ್ಮನಾದೆ ಅಂದುಕೊಳ್ಳಬೇಡಿ. ಮೇಷ್ಟ್ರು ಹೇಳಿದಂತೆ ನಮ್ಮ ಬಡಾವಣೆಯ ಹತ್ತಿರದ ಶಾಲೆಯ ಮರದಿಂದ ದೊಡ್ಡ ಕಾಯಿ ಆರಿಸಿ ತಂದು ಹೂತೆವು. ಹತ್ತರಲ್ಲಿ ಏಳು ಮೊಳೆತವು. ಒಂದನ್ನು ಗೇಟಿನಾಚೆ ಇಟ್ಟು ಆರನ್ನು ಬೀದಿಯವರಿಗೆ ಕೊಟ್ಟೆ. ಈಗ ನನ್ನ ಎದೆ ಮಟ್ಟ ಬಂದಿದೆ. ಬೇಸಿಗೆಯಲ್ಲಿ ಎಲೆ ಅಂಚು ಸುಟ್ಟಿತ್ತು, ಮಳೆ ಬಿದ್ದ ಮೇಲೆ ಹೊಸ ಎಲೆ. ಅಂಜೂರ ಒಂಬತ್ತು ಕಾಯಿ ಹಿಡಿದಿದೆ. ಸಪ್ಪೆ ಇದ್ದರೂ ಅತ್ತೆಯವರು ಮೊದಲನೆಯದನ್ನು ದೇವರ ಮುಂದಿಟ್ಟರು.

ಮಗನ ಎರಡು ಮೊಳಕೆಯಲ್ಲಿ ಒಂದು ಉಳಿದಿದೆ. ಮೊಣಕಾಲೆತ್ತರ, ಕಿರಿದಾದ ಎಲೆ, ಹಲ್ಲು ಹಲ್ಲು ಅಂಚು. ಅದಕ್ಕೆ ತಾನೇ ಫಿಲ್ಟರ್ ನೀರು ಹಾಕುತ್ತಾನೆ. ಕಾಯಿ ಬರುವುದಿಲ್ಲ ಅಂತ ಅವನಿಗೆ ಗೊತ್ತು. ಕುಷ್ಟಗಿ ಅಣ್ಣನವರ ನಾಲ್ಕು ಹೂವಿನ ಕಥೆ ಹೇಳಿದ ಮೇಲೆ ಪ್ರತಿ ಫೆಬ್ರವರಿ ನೋಡುತ್ತೇನೆ ಅಂದಿದ್ದಾನೆ.

ಒಂದು ಸಂದೇಹ. ನಾಡ ಬಾದಾಮಿಗೆ ಮೊದಲ ಸುತ್ತಿನ ಕೊಂಬೆ ಮೂರಡಿಯಲ್ಲೇ ಚಾಚಿದೆ, ಓಡಾಡುವವರಿಗೆ ಅಡ್ಡ. ಕತ್ತರಿಸಲಾ?

ಕನ್ನಡ ಮೇಷ್ಟ್ರು, ಸಂಡೂರು

ಈಗಲೇ ಬೇಡ ತಂಗೀ. ಆ ಎಲೆಗಳೇ ಕಾಂಡವನ್ನು ದಪ್ಪ ಮಾಡುತ್ತಿವೆ. ಸದ್ಯಕ್ಕೆ ತುದಿ ಮಾತ್ರ ಚಿವುಟಿ. ಮೇಲೆ ಇನ್ನೆರಡು ಸುತ್ತು ಬಂದ ಮೇಲೆ, ಮಳೆ ನಿಂತ ಒಣ ದಿನ ನೋಡಿ, ಕೊಂಬೆಯ ಬುಡದ ಉಬ್ಬನ್ನು ಉಳಿಸಿ ಅದರ ಪಕ್ಕಕ್ಕೇ ಕೊಯ್ಯಿರಿ. ಹೀಗೇ ಒಂದೊಂದೇ ಸುತ್ತು ಏರಿಸುತ್ತಾ ಏಳೆಂಟು ಅಡಿಗೆ ನಿಲ್ಲಿಸಿದರೆ ಕೆಳಗೆ ಅತ್ತೆಯವರ ಮಂಚ ಹಾಕಬಹುದು.

ನಿವೃತ್ತ ಯೋಧ, ಕುಷ್ಟಗಿ

ತಂಗೀ, ಮಗನ ಗಿಡ ಹೂ ಬಿಟ್ಟರೆ, ಒಂದೇ ಬಿಟ್ಟರೂ, ಇಲ್ಲಿ ಬರೆ. ನಾನು ರಾಯಚೂರಿಗೆ ಬಸ್ಸು ಹತ್ತಿ ಬರುತ್ತೇನೆ.